ಮಾತ್ರೆ ಅಗ್ಗ, ಚೀಟಿ ತುಟ್ಟಿ

ಪೀಣ್ಯ ಎರಡನೇ ಹಂತದ ಕಾರ್ಖಾನೆಯೊಂದರಲ್ಲಿ ನಾನು ಕ್ವಾಲಿಟಿ ಚೆಕಿಂಗ್ ವಿಭಾಗದಲ್ಲಿದ್ದೇನೆ. ಬಿಡಿಭಾಗಗಳನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುವ ಕೆಲಸ. ಹತ್ತು ಮೈಕ್ರಾನ್ ಹೆಚ್ಚು ಕಡಿಮೆಯಾದರೂ ಪೀಸು ರಿಜೆಕ್ಟ್. ಇಷ್ಟು ಕಟ್ಟುನಿಟ್ಟಿನವಳು ದಿನಾ ನುಂಗುವ ಮೈಕ್ರೊಗ್ರಾಂ ಮಾತ್ರೆಯ ವಿಷಯದಲ್ಲಿ ಒಂದೂವರೆ ವರ್ಷ ದಡ್ಡಿಯಾಗಿದ್ದೆ.

ಥೈರಾಯ್ಡ್ ಇದೆಯೆಂದು ಗೊತ್ತಾದಾಗ ನಾನು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಅಡಿಯಲ್ಲಿದ್ದೆ. ಡಿಸ್ಪೆನ್ಸರಿಯಲ್ಲಿ ಮಾತ್ರೆ ಪುಕ್ಕಟೆ. 2023ರ ಜೂನ್‌ನಲ್ಲಿ ಸಂಬಳ 21,400 ಆಯಿತು, ಲೈನಿನವರಿಗೆಲ್ಲ ಮೈಸೂರು ಪಾಕ್ ಹಂಚಿದೆ. ಇಎಸ್‌ಐಗೆ ಸಂಬಳದ ಮಿತಿ 21,000 ರೂಪಾಯಿ. 2017ರ ಜನವರಿಯಲ್ಲಿ ನಿಗದಿಯಾದದ್ದು. "ಇನ್ಮೇಲೆ ನಿಮಗೆ ಇಎಸ್‌ಐ ಇಲ್ಲ ಮೇಡಂ" ಅಂದರು ಆಫೀಸಿನವರು. ನಂಬಿದೆ. ಮಾರನೇ ವಾರವೇ ಖಾಸಗಿ ಕ್ಲಿನಿಕ್ಕಿನ ಬಾಗಿಲು ತಟ್ಟಿದೆ.

ಅದು ತಪ್ಪು ಮಾಹಿತಿ ಎಂದು ತಿಳಿಯುವ ಹೊತ್ತಿಗೆ ದೀಪಾವಳಿ ಕಳೆದಿತ್ತು. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಹೀಗೆ ಎರಡು ವಂತಿಗೆ ಅವಧಿ. ಅವಧಿಯ ನಡುವೆ ಸಂಬಳ ಮಿತಿ ದಾಟಿದರೂ ಆ ಅವಧಿ ಮುಗಿಯುವವರೆಗೆ ವಂತಿಗೆ ಕಡಿತವಾಗುತ್ತದೆ. ಏಪ್ರಿಲ್–ಸೆಪ್ಟೆಂಬರ್ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯವಿರುತ್ತದೆ. ಹಳೇ ಸ್ಯಾಲರಿ ಸ್ಲಿಪ್ಪುಗಳನ್ನು ತೆಗೆದು ನೋಡಿದರೆ, ಸೆಪ್ಟೆಂಬರ್‌ವರೆಗೂ ತಿಂಗಳಿಗೆ ಶೇ 0.75ರಂತೆ ನೂರಾ ಅರವತ್ತು ಚಿಲ್ಲರೆ ಹಿಡಿದಿದ್ದಾರೆ! ದುಡ್ಡು ಅಲ್ಲಿಗೂ ಕಟ್ಟುತ್ತಿದ್ದೆ, ಇಲ್ಲಿಗೂ ಕಟ್ಟುತ್ತಿದ್ದೆ. (ಓಟಿ ದುಡ್ಡು ಈ 21,000ದ ಮಿತಿಗೆ ಲೆಕ್ಕಕ್ಕಿಲ್ಲ. ನಮ್ಮ ಲೈನಿನಲ್ಲಿ ಮಿತಿ ದಾಟೀತೆಂದು ಹೆದರಿ ಓಟಿ ಬಿಟ್ಟವರೂ ಇದ್ದಾರೆ.)

ಖಾಸಗಿ ಕ್ಲಿನಿಕ್ಕಿನ ಮೊದಲ ದಿನದ ಖರ್ಚು ನೆನಪಿದೆ. ಡಾಕ್ಟರ್ ಫೀಸು 500. "ಫುಲ್ ಬಾಡಿ ಪ್ಯಾಕೇಜ್" ಎಂದು ಲ್ಯಾಬಿನವರು ಬರೆದದ್ದು 1,400. ಜೊತೆಗೆ ಅರ್ಧ ದಿನದ ಸಂಬಳವೂ ಹೋಯಿತು. ಮಾತ್ರೆಯ ಬಾಟಲಿಗೆ? ಇನ್ನೂರು ಚಿಲ್ಲರೆ, ಅದರಲ್ಲಿ ನೂರಿಪ್ಪತ್ತು ಮಾತ್ರೆ. ದಿನಕ್ಕೆ ಎರಡು ರೂಪಾಯಿಯೂ ಬೀಳಲಿಲ್ಲ. ನಾನು ನುಂಗುವ ಈ ಲೆವೊಥೈರಾಕ್ಸಿನ್ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಅದಕ್ಕೆ ಗರಿಷ್ಠ ಬೆಲೆ ಇದೆ. ಹಾಗಾಗಿ ನಾವು ಬೆವರು ಸುರಿಸಿ ಉಳಿಸಬೇಕಾದದ್ದು ಮಾತ್ರೆಯ ದುಡ್ಡನ್ನಲ್ಲ, ಅದರ ಸುತ್ತಲಿನ ದುಡ್ಡನ್ನು.

ನಾನು ಮಾಡಿದ್ದು ಇದಕ್ಕೆ ತದ್ವಿರುದ್ಧ. ಒಂದು ತಿಂಗಳು ಜನೌಷಧಿ ಕೇಂದ್ರ, ಅಲ್ಲಿ ಸ್ಟಾಕ್ ಇಲ್ಲದಿದ್ದರೆ ಹೆಗ್ಗನಹಳ್ಳಿ ಕ್ರಾಸಿನ ಮೆಡಿಕಲ್, ಆಫರ್ ಇದ್ದಾಗ ಫೋನಿನ ಆ್ಯಪ್. ಪ್ರತಿ ಸಲವೂ ಬೇರೆ ಕಂಪನಿ. ಈ ಔಷಧಿಯಲ್ಲಿ ಪ್ರಮಾಣದ ಸಣ್ಣ ಏರುಪೇರೂ ರಕ್ತದಲ್ಲಿ ಕಾಣುತ್ತದೆ, ಕಂಪನಿ ಬದಲಾದರೆ ಆರು ವಾರ ಬಿಟ್ಟು ರಕ್ತದ ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕು. ದಿನಕ್ಕೊಂದು ರೂಪಾಯಿ ಉಳಿದರೂ ಮೂರು ತಿಂಗಳಿಗೆ ತೊಂಬತ್ತು. ಒಂದು ಪರೀಕ್ಷೆಗೆ ಅದಕ್ಕಿಂತ ಹೆಚ್ಚು. ಜನೌಷಧಿ ಮಾತ್ರೆ ಕಳಪೆ ಎನ್ನುತ್ತಿಲ್ಲ, ಈಗ ನಾನು ತೆಗೆದುಕೊಳ್ಳುವುದು ಅದನ್ನೇ. ಅಲ್ಲಿಂದಿಲ್ಲಿಗೆ ಹಾರುತ್ತಿದ್ದದ್ದು ತಪ್ಪು.

ಅದಕ್ಕಿಂತ ದೊಡ್ಡ ತಪ್ಪು ಅಡುಗೆಮನೆಯಲ್ಲಿ ನಡೆಯುತ್ತಿತ್ತು. ಆರು ಗಂಟೆಯ ಶಿಫ್ಟ್. ಐದಕ್ಕೆ ಎದ್ದು ಥೈರಾಯ್ಡ್ ಮಾತ್ರೆ, ಅದರ ಜೊತೆಗೇ ರಕ್ತಹೀನತೆಗೆಂದು ಕೊಟ್ಟ ಕಬ್ಬಿಣಾಂಶದ ಮಾತ್ರೆ, ಮೇಲೊಂದು ಲೋಟ ಕಾಫಿ. ಎಲ್ಲ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಥೈರಾಯ್ಡ್ ಮಾತ್ರೆಯ ಹಾರ್ಮೋನು ಮೈಗೆ ಹತ್ತದಂತೆ ತಡೆಯುತ್ತವೆ, ನಡುವೆ ನಾಲ್ಕು ಗಂಟೆ ಬೇಕು. ಕಾಫಿಗೂ ಕನಿಷ್ಠ ಅರ್ಧ ಗಂಟೆ. ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಟಿಎಸ್‌ಎಚ್ ಇಳಿಯಲಿಲ್ಲ. 50 ಮೈಕ್ರೊಗ್ರಾಂ ಇದ್ದ ಡೋಸು 75 ಆಯಿತು. ಆಮೇಲೆ ಕಬ್ಬಿಣಾಂಶದ ಮಾತ್ರೆಯ ಕೋರ್ಸ್ ಮುಗಿಯಿತು ನೋಡಿ, ಒಂದು ತಿಂಗಳಲ್ಲಿ ಎದೆ ಡವಡವ, ಮೈಕ್ರೋಮೀಟರ್ ಹಿಡಿದ ಕೈ ನಡುಗುತ್ತಿತ್ತು. ಡೋಸು ಜಾಸ್ತಿಯಾಗಿತ್ತು. ಮತ್ತೆ ಫೀಸು, ಮತ್ತೆ ಪರೀಕ್ಷೆ, ಮತ್ತೆ 50.

ಆ ಸಲ ಸಿಕ್ಕವರು ವಯಸ್ಸಾದ ಡಾಕ್ಟರು. "ಏನೇನು ಮಾತ್ರೆ, ಎಷ್ಟೆಷ್ಟು ಹೊತ್ತಿಗೆ ತಗೋತೀಯಮ್ಮಾ, ಬೆಳಗ್ಗೆ ಎದ್ದಾಗಿಂದ ಹೇಳು" ಅಂದರು. ಆ ಒಂದು ಪ್ರಶ್ನೆಗೆ ಐನೂರು ಕೊಟ್ಟದ್ದು ನನಗೆ ಭಾರವೆನಿಸಲಿಲ್ಲ. ಬೆಳಗ್ಗೆ ಹೊಂದದಿದ್ದರೆ ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೂ ತೆಗೆದುಕೊಳ್ಳಬಹುದು, ಆದರೆ ದಿನಾ ಒಂದೇ ಹೊತ್ತಿರಲಿ ಎಂದರು. ಬಾಟಲಿ ಎಲ್ಲಿಡುತ್ತೀಯ ಎಂದೂ ಕೇಳಿದರು. ನಮ್ಮದು ಶೀಟಿನ ಮನೆ, ಏಪ್ರಿಲ್‌ನಲ್ಲಿ ಒಲೆಯ ಮೇಲಿನ ಶೆಲ್ಫ್ ಮುಟ್ಟಲಾಗದಷ್ಟು ಕಾಯುತ್ತದೆ. ಬಾಟಲಿ ಅಲ್ಲೇ ಇರುತ್ತಿತ್ತು. ಈಗ ನೆಲಕ್ಕೆ ಹತ್ತಿರದ ಟ್ರಂಕಿನೊಳಗೆ ಇಟ್ಟಿದ್ದೇನೆ.

ಚೀಟಿ ಬರೆಸುವುದನ್ನೂ ಅವರಿಂದಲೇ ಕಲಿತೆ. ಕಂಪನಿ ಹೆಸರಿನ ಬದಲು ಔಷಧಿಯ ಮೂಲ ಹೆಸರು, ದೊಡ್ಡಕ್ಷರದಲ್ಲಿ. 2016ರಲ್ಲಿ ಆಗಿನ ವೈದ್ಯಕೀಯ ಮಂಡಳಿ ತಂದ ನಿಯಮವೂ ಅದೇ. "50 ಮೈಕ್ರೊಗ್ರಾಂ" ಎಂದು ಬಿಡಿಸಿ ಬರೆದಿರಬೇಕು. ಎಷ್ಟು ತಿಂಗಳಿಗೆ, ಮುಂದಿನ ಪರೀಕ್ಷೆ ಯಾವಾಗ, ಯಾವ ಪರೀಕ್ಷೆ ಎಂಬುದೂ ಇರಬೇಕು. "ಟಿಎಸ್‌ಎಚ್ ಮಾತ್ರ" ಎಂದು ಅವರು ಬರೆದ ಮೇಲೆ ಲ್ಯಾಬಿನವರು ಪ್ಯಾಕೇಜಿನ ಮಾತೆತ್ತಲಿಲ್ಲ. ಡೋಸು ಬದಲಾದಾಗ ಆರರಿಂದ ಎಂಟು ವಾರಕ್ಕೆ ಪರೀಕ್ಷೆ. ಒಂದು ಹದಕ್ಕೆ ಬಂದ ಮೇಲೆ ಆರು ತಿಂಗಳಿಗೊಮ್ಮೆ ಇಲ್ಲವೇ ವರ್ಷಕ್ಕೊಮ್ಮೆ ಸಾಕು ಎಂದಿದ್ದಾರೆ. ಬಸುರಿಯಾದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ, ತಿಳಿದ ದಿನವೇ ಡಾಕ್ಟರ ಬಳಿ ಹೋಗಬೇಕು.

ಪಕ್ಕದ ಮನೆಯಾಕೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಅವಳಿಗೂ ಥೈರಾಯ್ಡ್. ಮೊನ್ನೆ "ಅಕ್ಕಾ, ನಿಮ್ಮ ಚೀಟೀಲೇ ನನಗೂ ಒಂದು ಬಾಟಲಿ ತನ್ನಿ, ಫೀಸು ಉಳೀತದೆ" ಅಂದಳು. ಅವಳ ಡೋಸು 100, ನನ್ನದು 50. ತರಲಿಲ್ಲ. ಅವಳ ಸ್ಯಾಲರಿ ಸ್ಲಿಪ್ ತರಿಸಿ ನೋಡಿದೆ: ಇಎಸ್‌ಐ ಇನ್ನೂ ಹಿಡಿಯುತ್ತಿದ್ದಾರೆ. ಶನಿವಾರ ಅವಳನ್ನು ಡಿಸ್ಪೆನ್ಸರಿಗೆ ಕರೆದುಕೊಂಡು ಹೋಗುತ್ತಿದ್ದೇನೆ.