ಮರಳಿ ಬರುವ ರಕ್ತ ಮತ್ತು ಹೃದಯದ ಜೀವಕೋಶ

ಕೆರೆಗಳನ್ನೇ ನಂಬಿದ ಚಿಕ್ಕಬಳ್ಳಾಪುರ ಸೀಮೆಯ ರೈತರು ಬಲ್ಲ ಸಂಗತಿಯೊಂದುಂಟು: ಒಣಗಿ ಬಿರಿದ ಗದ್ದೆಗೆ ತೂಬನ್ನು ಒಮ್ಮೆಲೇ ಎತ್ತಿದರೆ ಪೈರು ತಣಿಯುವ ಮೊದಲೇ ಬದು ಕೊಚ್ಚಿಹೋಗಬಹುದು. ಹೃದಯದಲ್ಲಿಯೂ ಇದನ್ನು ಹೋಲುವ ವಿಚಿತ್ರವೊಂದು ನಡೆಯುತ್ತದೆ.

ಹೃದಯದ ಧಮನಿಯೊಂದರಲ್ಲಿ ರಕ್ತ ಗರಣೆಗಟ್ಟಿ ದಾರಿ ಮುಚ್ಚಿತೆನ್ನೋಣ. ಅದರಾಚೆಯ ಸ್ನಾಯುಕೋಶಗಳಿಗೆ ಆಮ್ಲಜನಕ ದೊರೆಯದು. ಅವು ಆಮ್ಲಜನಕವಿಲ್ಲದೆಯೇ ಸಕ್ಕರೆಯನ್ನು ಒಡೆದು ಅಲ್ಪಶಕ್ತಿಯಿಂದ ಬದುಕುತ್ತವೆ. ಒಳಗೆ ಆಮ್ಲ ಸಂಗ್ರಹವಾಗುತ್ತದೆ. ರಕ್ತ ಮರಳಿದೊಡನೆ ಕೋಶವು ಆಮ್ಲವನ್ನು ಹೊರದೂಡಿ ಸೋಡಿಯಮನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಆ ಸೋಡಿಯಮನ್ನು ಹೊರಹಾಕುವಾಗ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಹಠಾತ್ತನೆ ಬಂದ ಆಮ್ಲಜನಕದಿಂದ ಉಗ್ರವಾದ ಅಣುಗಳೂ ಹುಟ್ಟುತ್ತವೆ. ಇವೆರಡರ ದಾಳಿಯಿಂದ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಪೊರೆಯಲ್ಲಿ ರಂಧ್ರ ತೆರೆಯುತ್ತದೆ. ಉಳಿಯಬಹುದಾಗಿದ್ದ ಕೋಶವೂ ಸಾಯುತ್ತದೆ.

ಇದನ್ನು ತಡೆಯಲಾಗದೆ? 1986ರಲ್ಲಿ ಅಮೆರಿಕದ ವಿಜ್ಞಾನಿಗಳು ನಾಯಿಗಳ ಹೃದಯಧಮನಿಯನ್ನು ಐದೈದು ನಿಮಿಷ ನಾಲ್ಕು ಬಾರಿ ಮುಚ್ಚಿ ತೆರೆದು, ಅನಂತರ 40 ನಿಮಿಷ ಮುಚ್ಚಿದರು. ಮೊದಲೇ ಹೀಗೆ ಪಳಗಿದ ಹೃದಯದಲ್ಲಿ ಹಾನಿಯು ಸುಮಾರು ಕಾಲುಭಾಗಕ್ಕೆ ಇಳಿದಿತ್ತು. 2003ರಲ್ಲಿ, ತೂಬನ್ನು ತಡೆತಡೆದು ಎತ್ತುವಂತೆ, ರಕ್ತವನ್ನು 30 ಸೆಕೆಂಡುಗಳ ಸರದಿಯಲ್ಲಿ ಬಿಟ್ಟು ತಡೆದಾಗಲೂ ನಾಯಿಗಳಲ್ಲಿ ಹಾನಿ ತಗ್ಗಿತು. ಆದರೆ ಮನುಷ್ಯನಲ್ಲಿ ಜಯ ಸುಲಭವಾಗಲಿಲ್ಲ. ಆ ರಂಧ್ರವನ್ನು ಮುಚ್ಚುವ ಸೈಕ್ಲೋಸ್ಪೋರಿನ್ ಔಷಧವು 2008ರ ಸಣ್ಣ ಪರೀಕ್ಷೆಯಲ್ಲಿ ಭರವಸೆ ಹುಟ್ಟಿಸಿತಾದರೂ, 970 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಪ್ರಯೋಜನ ಕಾಣಲಿಲ್ಲ.

ಹಾಗಾದರೆ ರಕ್ತ ಮರಳದಿರುವುದೇ ಲೇಸೆಂದು ವಾಚಕರು ತಿಳಿಯಬಾರದು. ಮರಳುವ ರಕ್ತ ಕೆಲವು ಕೋಶಗಳನ್ನು ಕೊಲ್ಲಬಹುದು. ಮರಳದಿದ್ದರೆ ಆ ಭಾಗದ ಬಹುಪಾಲು ಕೋಶಗಳು ಸಾಯುತ್ತವೆ. ತಡೆಯ ಅವಧಿ ಕಡಿಮೆಯಾದಷ್ಟೂ ಎರಡೂ ಬಗೆಯ ಹಾನಿ ಕಡಿಮೆ. ಆದ್ದರಿಂದ ಇಂದು ನಮ್ಮ ಕೈಯಲ್ಲಿರುವ ಅತ್ಯುತ್ತಮ ರಕ್ಷೆ ಕಾಲವೇ.

ಚಿಕ್ಕಬಳ್ಳಾಪುರದಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ 60 ಕಿಲೋಮೀಟರಿಗೂ ಮಿಕ್ಕ ದಾರಿ. ಗೌರಿಬಿದನೂರು, ಚಿಂತಾಮಣಿಗಳಿಂದ ಇನ್ನೂ ದೂರ. ತಾಲ್ಲೂಕು ಮಟ್ಟದಲ್ಲಿಯೇ ಇ.ಸಿ.ಜಿ. ತೆಗೆದು, ಅಗತ್ಯವಿದ್ದವರಿಗೆ ಗರಣೆ ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡಿಸುವುದು ರಾಜ್ಯ ಸರ್ಕಾರವು 2023ರಲ್ಲಿ ಪ್ರಕಟಿಸಿದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯ ಉದ್ದೇಶ. ಚುಚ್ಚುಮದ್ದಿನ ಬಳಿಕವೂ ದೊಡ್ಡ ಆಸ್ಪತ್ರೆಗೆ ಹೋಗಬೇಕಾಗುವುದು ನಿಜ. ಆದರೆ ದಾರಿಯುದ್ದಕ್ಕೂ ಸಾಯಬಹುದಾಗಿದ್ದ ಕೋಶಗಳು ಅಷ್ಟರಲ್ಲಿ ಉಳಿಯುತ್ತವೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಾಗಲಿ ಹೊಲದಲ್ಲಾಗಲಿ, ಎದೆ ಹಿಂಡಿದಂತಾಗಿ ಬೆವರಿಳಿದವರು ಅದನ್ನು ವಾಯುವೆಂದು ಬಗೆದು ಮನೆಗೆ ಹೋಗಿ ಮಲಗಬಾರದು. ಹತ್ತಿರದ ಆಸ್ಪತ್ರೆಗೆ ಕೂಡಲೇ ಹೋಗಬೇಕು. ಜೀವಕೋಶದ ವಿಜ್ಞಾನವು ನಮಗೆ ಕಲಿಸುವ ಮೊದಲ ಪಾಠವಿದು.