ತನ್ನದು, ಎಲ್ಲರದು

ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆ ತೆರೆದವರ ಬಳಿ ಒಂದೊಂದು ಪಾಸ್‌ಪುಸ್ತಕವಿರುತ್ತದೆ. ಪುಸ್ತಕಗಳ ಅಚ್ಚು ಒಂದೇ. ಅವುಗಳಲ್ಲಿ ಬರೆದ ಹೆಸರು, ಶಿಲ್ಕುಗಳು ಬೇರೆ ಬೇರೆ. ಬಡ್ಡಿಯ ದರವಾದರೋ ಅಂಥ ಎಲ್ಲ ಖಾತೆಗಳಿಗೂ ಒಂದೇ. ಅದನ್ನು ಕಚೇರಿಯ ಫಲಕದ ಮೇಲೆ ಒಮ್ಮೆ ಬರೆದರೆ ಸಾಕು. ತನ್ನದು ಯಾವುದು, ಎಲ್ಲರದು ಯಾವುದು ಎಂಬ ಈ ವಿವೇಚನೆಯು ಗಣಕಯಂತ್ರಕ್ಕೆ ಕ್ರಮವಿಧಿಯನ್ನು ಬರೆಯುವವರಿಗೂ ಅತ್ಯಗತ್ಯ.

ನಾರ್ವೆ ದೇಶದ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟೆನ್ ನ್ಯೂಗೋರ್ ಎಂಬ ವಿಜ್ಞಾನಿಗಳು 1967ರಲ್ಲಿ ‘ಸಿಮುಲಾ 67’ ಎಂಬ ಭಾಷೆಯನ್ನು ರೂಪಿಸಿದರು. ‘ಕ್ಲಾಸ್’ ಮತ್ತು ‘ಆಬ್ಜೆಕ್ಟ್’ ಎಂಬ ಕಲ್ಪನೆಗಳು ಬೆಳೆದುಬಂದದ್ದು ಅದರಿಂದಲೇ. ಕ್ಲಾಸ್ ಎಂದರೆ ಅಚ್ಚು. ಆ ಅಚ್ಚಿನಿಂದ ಪಡೆದ ಒಂದೊಂದು ಪ್ರತಿಯೂ ಆಬ್ಜೆಕ್ಟ್. ಅದಕ್ಕೆ ವಹಿಸಿದ ಕೆಲಸವೇ ಮೆಥಡ್. 1995ರಲ್ಲಿ ಹೊರಬಂದ ಜಾವಾ ಭಾಷೆಯಲ್ಲಿ ಒಂದು ಅಂಶಕ್ಕೆ ‘ಸ್ಟ್ಯಾಟಿಕ್’ ಎಂಬ ವಿಶೇಷಣವನ್ನು ಸೇರಿಸಿದರೆ, ಅದು ಯಾವೊಂದು ಆಬ್ಜೆಕ್ಟಿನ ಸ್ವತ್ತೂ ಆಗದೆ ಇಡೀ ಕ್ಲಾಸಿನದಾಗುತ್ತದೆ. ಬಡ್ಡಿಯ ದರವು ಇಂಥದು.

ಮೆಥಡ್‌ಗಳಲ್ಲಿಯೂ ಈ ಭೇದವುಂಟು. ‘ಹಣ ಜಮಾ ಮಾಡು’ ಎಂದರೆ ‘ಯಾರ ಖಾತೆಗೆ?’ ಎಂಬ ಪ್ರಶ್ನೆ ಏಳುತ್ತದೆ. ಆದುದರಿಂದ ಅದು ಆಬ್ಜೆಕ್ಟಿನ ಕೆಲಸ. 144ರ ವರ್ಗಮೂಲವನ್ನು ಕೇಳಿದವರು ಯಾರೇ ಆಗಲಿ, ಉತ್ತರ 12. ಇಂತಹ ಕೆಲಸಕ್ಕೆ ಆಬ್ಜೆಕ್ಟಿನ ಹಂಗಿಲ್ಲ. ಇದು ಸ್ಟ್ಯಾಟಿಕ್ ಮೆಥಡ್. ಜಾವಾದಲ್ಲಿ ಗಣಿತದ ಇಂತಹ ಮೆಥಡ್‌ಗಳು ‘ಮ್ಯಾಥ್’ ಎಂಬ ಕ್ಲಾಸಿನಲ್ಲಿವೆ. ಸಿ ಶಾರ್ಪ್ ಭಾಷೆಯಲ್ಲಿ ಇಡೀ ಕ್ಲಾಸನ್ನೇ ಸ್ಟ್ಯಾಟಿಕ್ ಎಂದು ಸಾರಬಹುದು. ಅಂತಹ ಕ್ಲಾಸಿನಿಂದ ಆಬ್ಜೆಕ್ಟ್‌ಗಳನ್ನು ಪಡೆಯಲಾಗದು.

ಆಬ್ಜೆಕ್ಟನ್ನು ಸೃಷ್ಟಿಸದೆಯೇ ಕರೆಯಬಹುದಾದ ಕಾರಣ ಸ್ಟ್ಯಾಟಿಕ್ ಎಂಬುದು ಹೊಸಬರಿಗೆ ಸುಲಭವೆಂದು ತೋರುತ್ತದೆ. ಅಪಾಯವಿರುವುದೂ ಅಲ್ಲಿಯೇ. ಶಿಲ್ಕನ್ನೇ ಸ್ಟ್ಯಾಟಿಕ್ ಎಂದು ಬರೆದರೆ ಏನಾದೀತು? ಎಲ್ಲ ಖಾತೆಗಳಿಗೂ ಒಂದೇ ಶಿಲ್ಕು ಉಳಿಯುತ್ತದೆ. ಯಾರೋ ಒಬ್ಬರು 500 ರೂಪಾಯಿ ಹಿಂತೆಗೆದರೆ, ಮೊಮ್ಮಗಳ ಓದಿಗೆಂದು ಅಜ್ಜಿಯೊಬ್ಬಳು ಕೂಡಿಟ್ಟ ಹಣದಲ್ಲಿಯೂ 500 ಇಳಿದಂತೆ ಕಾಣುತ್ತದೆ! ಭಾಷೆಯ ನಿಯಮದಂತೆ ಇದು ತಪ್ಪಲ್ಲ. ಆದ್ದರಿಂದ ಯಂತ್ರವು ಇದನ್ನು ತಡೆಯದು. ತಡೆಯಬೇಕಾದುದು ಬರೆಯುವವನ ವಿವೇಕ.

ಆದುದರಿಂದ ಒಂದೊಂದು ಅಂಶವನ್ನು ಬರೆಯುವ ಮುನ್ನವೂ ‘ಇದು ಯಾರದು?’ ಎಂದು ಕೇಳಿಕೊಳ್ಳಬೇಕು. ಒಬ್ಬರದಾದರೆ ಅದು ಆಬ್ಜೆಕ್ಟಿನಲ್ಲಿರಲಿ. ಎಲ್ಲರದಾದರೆ ಮಾತ್ರ ಸ್ಟ್ಯಾಟಿಕ್ ಆಗಲಿ. ಯಂತ್ರಕ್ಕೆ ಅಂಕಿಗಳಷ್ಟೇ ಗೊತ್ತು; ಆ ಅಂಕಿಗಳ ಹಿಂದಿರುವ ಮನುಷ್ಯರನ್ನು ನೆನೆಯಬೇಕಾದವರು ನಾವು.