ಸೊನ್ನೆ ಪಾಯಿಂಟ್ ನೂರಾ ಇಪ್ಪತ್ತೈದು

ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ; ಕನ್ನಡವೂ ಅವುಗಳಲ್ಲೊಂದು. ಉಪನಗರದ ಅಂಥದೊಂದು ಶಾಲೆಯಲ್ಲಿ ನಾನು ಆರನೇ ತರಗತಿಗೆ ಗಣಿತ ಕಲಿಸುತ್ತೇನೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮನೆಯವರು. ಕೋವಿಡ್‌ನಿಂದಾಗಿ 2020ರ ಜೂನ್‌ನಲ್ಲಿ ಪಾಠ ಆನ್‌ಲೈನಿನಲ್ಲಿ ಶುರುವಾದಾಗ ಎಷ್ಟೋ ಕುಟುಂಬಗಳು ಊರಿಗೆ ಮರಳಿದ್ದವು. ಮನೆಗೆ ಒಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ. ಹೀಗಾಗಿ ಗೂಗಲ್ ಮೀಟ್‌ಗಿಂತ ವಾಟ್ಸಾಪ್‌ನಲ್ಲಿ ಕಳಿಸಿದ ಗೂಗಲ್ ಫಾರ್ಮೇ ನಮಗೆ ಒದಗಿಬಂತು. ಅಪ್ಪ ರಾತ್ರಿ ಬಂದ ಮೇಲೆ ತೆರೆದರೂ ಆಯಿತು; ಚಿತ್ರ ಹಾಕದಿದ್ದರೆ ಡೇಟಾ ಕೂಡ ಹೆಚ್ಚು ಬೇಡ.

ದಶಮಾಂಶದ ಪಾಠಕ್ಕೆ ಒಂದು ಪ್ರಶ್ನೆ ಕೊಟ್ಟೆ: 0.5, 0.35, 0.125 ಇವುಗಳಲ್ಲಿ ಯಾವುದು ದೊಡ್ಡದು? ಉತ್ತರಗಳು ಬಂದಂತೆಲ್ಲ ಫಾರ್ಮ್ ತಾನೇ ಬಣ್ಣದ ಚಕ್ರ ಬಿಡಿಸುತ್ತದೆ. ಅದರಲ್ಲಿ 0.125ರ ಪಾಲೇ ದೊಡ್ಡದಾಗಿತ್ತು. ಯಾಕೆಂದು ಧ್ವನಿ ಸಂದೇಶ ಕಳಿಸಲು ಹೇಳಿದೆ. ಒಬ್ಬ ಹುಡುಗಿ ಅದನ್ನು "ಸೊನ್ನೆ ಪಾಯಿಂಟ್ ನೂರಾ ಇಪ್ಪತ್ತೈದು" ಎಂದು ಓದಿ, "ಐದಕ್ಕಿಂತ ನೂರಾ ಇಪ್ಪತ್ತೈದು ದೊಡ್ಡದೈತ್ರಿ ಟೀಚರ್" ಎಂದಳು. ಬಿಂದುವಿನ ಆಚೆಗಿನ ಅಂಕಿಗಳನ್ನು ಆಕೆ ಪೂರ್ಣ ಸಂಖ್ಯೆಯಂತೆ ನೋಡುತ್ತಿದ್ದಳು. ಆ ನೋಟದಲ್ಲಿ ಅವಳ ಲೆಕ್ಕ ಸರಿಯೇ ಇತ್ತು.

ಇನ್ನೂ ಮುಖ್ಯವಾದದ್ದು ಸರಿ ಉತ್ತರ ಕೊಟ್ಟವರಲ್ಲಿ ಅಡಗಿತ್ತು. 0.4 ಮತ್ತು 0.45ರಲ್ಲಿ ಯಾವುದು ದೊಡ್ಡದು ಎಂದು ಕೇಳಿದಾಗ, ಮೊದಲು 0.5 ಆರಿಸಿದ್ದ ಕೆಲವರು 0.4 ಎಂದರು. ಬಿಂದುವಿನ ನಂತರ ಅಂಕಿ ಹೆಚ್ಚಿದಷ್ಟೂ ಸಂಖ್ಯೆ ಚಿಕ್ಕದಾಗುತ್ತದೆ ಎಂಬುದು ಅವರ ನಿಯಮ. ಮೊದಲ ಪ್ರಶ್ನೆಯಲ್ಲಿ ಯಂತ್ರ ಅವರಿಗೆ ಪೂರ್ತಿ ಅಂಕ ಕೊಟ್ಟಿತ್ತು. ಕಾಗದದ ಪರೀಕ್ಷೆಯಲ್ಲಿ ನಾನೂ ಅದನ್ನೇ ಕೊಡುತ್ತಿದ್ದೆ.

ಅಂದಿನಿಂದ ನನ್ನ ಫಾರ್ಮ್‌ಗಳಲ್ಲಿ ತಪ್ಪು ಆಯ್ಕೆಗಳಿಗೇ ಹೆಚ್ಚು ಹೊತ್ತು ಹಿಡಿಯುತ್ತದೆ. ಪ್ರತಿ ತಪ್ಪು ಆಯ್ಕೆಯ ಹಿಂದೆಯೂ ಯಾವುದಾದರೂ ಮಗುವಿನ ನಿಜವಾದ ಯೋಚನೆ ಇರಬೇಕು. ಯಾರೂ ಆರಿಸದ ಆಯ್ಕೆಯನ್ನು ಮುಂದಿನ ಸಲ ತೆಗೆದುಬಿಡುತ್ತೇನೆ. ಬಹು ಆಯ್ಕೆಯ ಪ್ರಶ್ನೆಯಲ್ಲಿ ಉತ್ತರಕ್ಕೆ ತಕ್ಕಂತೆ ಬೇರೆ ಪುಟಕ್ಕೆ ಕಳಿಸುವ ಸೌಲಭ್ಯವಿದೆ. 0.125 ಒತ್ತಿದ ಮಗುವಿಗೆ ಮೀಟರ್ ಟೇಪಿನ ಪುಟ ತೆರೆಯುತ್ತದೆ: 0.5 ಮೀಟರ್ ಎಂದರೆ ಎಷ್ಟು ಸೆಂಟಿಮೀಟರ್? 0.35 ಎಂದರೆ? ಹಿಂದೆ ಇದನ್ನು ಪೈಸೆಯಲ್ಲಿ ಹೇಳುತ್ತಿದ್ದೆವು. ನಾಲ್ಕಾಣೆ ಚಲಾವಣೆ ನಿಂತದ್ದು 2011ರಲ್ಲಿ. ಈ ಮಕ್ಕಳು ಪೈಸೆಯನ್ನೇ ಕೈಯಲ್ಲಿ ಹಿಡಿದಿಲ್ಲ. ಗೌಂಡಿ ಕೆಲಸದ ಮನೆಯಲ್ಲಿ ಟೇಪು ಮಾತ್ರ ಇದ್ದೇ ಇರುತ್ತದೆ.

ಕನ್ನಡದಲ್ಲಿ ಟೈಪ್ ಮಾಡುವ ಪ್ರಶ್ನೆಗಳಿಗೆ ಬೇರೆಯೇ ಎಚ್ಚರ ಬೇಕು. ಕೀಲಿ ಉತ್ತರ "ಮುಂಬಯಿ" ಎಂದಿದ್ದರೆ "ಮುಂಬೈ" ಎಂದು ಬರೆದ ಮಗುವಿಗೆ ಸೊನ್ನೆ. ಸರಿಯೆನಿಸುವ ರೂಪಗಳನ್ನೆಲ್ಲ ಕೀಲಿಯಲ್ಲಿ ಸೇರಿಸುತ್ತೇನೆ. ನಾನು ನೋಡಿದ ಮೇಲೆಯೇ ಅಂಕ ಮಗುವಿಗೆ ಕಾಣುವಂತೆ ಸೆಟ್ಟಿಂಗ್ ಇಡುತ್ತೇನೆ. ಕನ್ನಡ ಶಾಲೆಯ ಪ್ರತಿಯೊಬ್ಬ ಶಿಕ್ಷಕರೂ ಈ ಎರಡನ್ನೂ ಮಾಡಲೇಬೇಕು ಎಂಬುದು ನನ್ನ ಒತ್ತಾಯ. ತನ್ನ ಭಾಷೆಯಲ್ಲಿ ಸರಿಯಾಗಿ ಬರೆದ ಮಗು ಕೆಂಪು ಗುರುತು ನೋಡಬಾರದು.

2021ರ ಡಿಸೆಂಬರ್‌ನಲ್ಲಿ ಪ್ರಾಥಮಿಕ ತರಗತಿಗಳು ತೆರೆದ ಮೇಲೂ ಫಾರ್ಮ್ ಬಿಟ್ಟಿಲ್ಲ. ಪಾಠ ಮುಗಿದ ಮೇಲೆ ಕೊಡುತ್ತಿದ್ದದ್ದನ್ನು ಪಾಠದ ಹಿಂದಿನ ದಿನಕ್ಕೆ ತಂದಿದ್ದೇನೆ. ಚಕ್ರ ನೋಡಿಕೊಂಡೇ ಮರುದಿನ ಸೀಮೆಸುಣ್ಣ ಹಿಡಿಯುವುದು. ಮಹಾರಾಷ್ಟ್ರದ ಗಡಿಭಾಗದ ಜತ್, ಅಕ್ಕಲಕೋಟೆಯ ಕನ್ನಡ ಶಾಲೆಗಳಲ್ಲೂ ನಡೆಯುವುದು ನಮ್ಮಲ್ಲಿರುವ, ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಪುಸ್ತಕವೇ. ಅಲ್ಲಿನ ಶಿಕ್ಷಕಿಯೊಬ್ಬರಿಗೆ ದಶಮಾಂಶದ ಫಾರ್ಮಿನ ಪ್ರತಿ ಕಳಿಸಿದ್ದೆ. ಅವರ ಚಕ್ರದಲ್ಲೂ 0.125ರ ಪಾಲೇ ದೊಡ್ಡದು. ಈಗ ಭಿನ್ನರಾಶಿಯ ಫಾರ್ಮ್ ಅವರು ಮಾಡುತ್ತಿದ್ದಾರೆ, ಕೋನಗಳದ್ದು ನನ್ನ ಪಾಲಿಗೆ ಬಂದಿದೆ.